ಎಲ್ಲರ ಮೃಗ, ಒಬ್ಬನ ಹುಲ್ಲು



ಕಾಡುಮೃಗಗಳ ಮೇಲಣ ಪ್ರೀತಿಯು ನಗರವಾಸಿಗಳಾದ ನಮಗೆ ಬಹು ಅಗ್ಗವಾಗಿ ದೊರೆತ ಪ್ರೀತಿ. ಚಿತ್ರದಲ್ಲಿ ಜಿಂಕೆಯನ್ನು ಕಂಡು ಮೆಚ್ಚುತ್ತೇವೆ. ಪ್ರಾಣಿಸಂಗ್ರಹಾಲಯದಲ್ಲಿ ಆನೆಯ ಮುಂದೆ ನಿಂತು ಹಿಗ್ಗುತ್ತೇವೆ. ವನ್ಯಮೃಗಗಳನ್ನು ಏಕೆ ಕಾಪಾಡಬೇಕೆಂಬ ಪ್ರಶ್ನೆಗೆ ಒಂದು ಪುಟದ ಉತ್ತರವನ್ನು ಬರೆದು ಪೂರ್ಣ ಅಂಕಗಳನ್ನೂ ಪಡೆಯುತ್ತೇವೆ. ಆ ಜಿಂಕೆಯು ನಮ್ಮ ಮನೆಯ ಅಕ್ಕಿಯ ಡಬ್ಬಕ್ಕೆ ಬಾಯಿ ಹಾಕುವುದಿಲ್ಲ. ಆ ಆನೆಯು ನಮ್ಮ ಚಾಳಿನ ಗೋಡೆಯನ್ನು ಕೆಡಹುವುದಿಲ್ಲ. ಆದರೆ ಮೃಗವೆಂದ ಮೇಲೆ ಅದು ಎಲ್ಲಿಯಾದರೂ ಮೇಯಲೇಬೇಕಷ್ಟೆ! ಅದು ಮೇಯುವ ಹುಲ್ಲು ಯಾರದು? ಆ ಹುಲ್ಲಿನ ಬೆಲೆಯನ್ನು ತೆರತಕ್ಕವರು ಯಾರು?

ಈ ಪ್ರಶ್ನೆಯು ಇಂದು ಬಹು ತೀಕ್ಷ್ಣವಾಗಿ ಎದ್ದಿರುವ ಸ್ಥಳಗಳಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಪಶ್ಚಿಮ ಭಾಗವೂ ಒಂದು. ಅಲ್ಲಿಯ ಮೊಂಟಾನಾ, ವಯೋಮಿಂಗ್, ಕೊಲರಾಡೊ ಮೊದಲಾದ ರಾಜ್ಯಗಳಲ್ಲಿ ದನಗಳನ್ನು ಸಾಕುವ ರೈತರಿಗೂ ಸರಕಾರದ ವನ್ಯಪ್ರಾಣಿ ಇಲಾಖೆಗಳಿಗೂ ಎಲ್ಕ್ ಎಂಬ ಒಂದು ಮೃಗದ ನಿಮಿತ್ತ ಬಹುಕಾಲದಿಂದ ವ್ಯಾಜ್ಯ ನಡೆದಿದೆ. ದೂರದ ನಾಡಿನ ವ್ಯಾಜ್ಯ ನಮಗೇಕೆ ಎನ್ನಬೇಡಿರಿ. ನೆರೆಮನೆಯ ಜಗಳದಲ್ಲಿ ನ್ಯಾಯವು ಎಲ್ಲಿದೆಯೆಂದು ಯೋಚಿಸಬಲ್ಲವನಿಗೆ ತನ್ನ ಮನೆಯ ನ್ಯಾಯವೂ ಸುಲಭವಾಗಿ ಕಾಣುತ್ತದೆ.

ಎಲ್ಕ್ ಎಂಬುದು ನಮ್ಮ ಕಡವೆಯ ಬಳಗಕ್ಕೆ ಸೇರಿದ, ಆದರೆ ಅದಕ್ಕಿಂತ ಗಾತ್ರದಲ್ಲಿ ಮಿಗಿಲಾದ ಜಿಂಕೆ. ಗಂಡು ಮುನ್ನೂರು ಕಿಲೋಗ್ರಾಮಿಗೂ ಮೀರಿ ತೂಗುವುದುಂಟು. ಹೆಣ್ಣು ಇನ್ನೂರಕ್ಕೆ ಮೇಲೆ. ಗಂಡಿನ ಕೊಂಬುಗಳು ಮರದ ಕೊಂಬೆಗಳಂತೆ ಕವಲೊಡೆದು, ವರ್ಷಕ್ಕೊಮ್ಮೆ ಉದುರಿ ಮತ್ತೆ ಮೂಡುತ್ತವೆ. ಅಲ್ಲಿಯ ಮೂಲನಿವಾಸಿಗಳಾದ ಶೌನಿ ಜನರು ಇದನ್ನು 'ವಾಪಿಟಿ' ಎಂದರು. ಬಿಳಿಯ ಹಿಂಬದಿಯುಳ್ಳದ್ದು ಎಂದು ಅದರ ಅರ್ಥ. ಬೇಸಗೆಯಲ್ಲಿ ಎತ್ತರದ ಬೆಟ್ಟಗಳ ಹುಲ್ಲನ್ನು ಮೇದು, ಹಿಮ ಬೀಳಲಾರಂಭಿಸಿದೊಡನೆ ನೂರಾರು ಸಂಖ್ಯೆಯಲ್ಲಿ ಹಿಂಡುಗೂಡಿ ತಗ್ಗಿನ ಕಣಿವೆಗಳಿಗೆ ಇಳಿದು ಬರುವುದು ಇದರ ಪೂರ್ವಕಾಲದ ಪದ್ಧತಿ. ಈ ಪದ್ಧತಿಯಲ್ಲಿಯೇ ಇಂದಿನ ಜಗಳದ ಬೇರಿದೆ.

ಹೇಗೆಂದರೆ, ೧೮೬೨ರಲ್ಲಿ ಅಮೆರಿಕದ ಸರಕಾರವು ಒಂದು ಭೂಕಾಯಿದೆಯನ್ನು ಮಾಡಿತು. ಪಶ್ಚಿಮಕ್ಕೆ ಹೋಗಿ ನೆಲೆಸಿ ಐದು ವರ್ಷ ಸಾಗುವಳಿ ಮಾಡಿದ ಕುಟುಂಬಕ್ಕೆ ೧೬೦ ಎಕರೆ ಭೂಮಿಯು ಬಹುಮಟ್ಟಿಗೆ ಪುಕ್ಕಟೆಯಾಗಿ ದೊರೆಯುವಂತಾಯಿತು. ಕ್ರೋ, ಶೊಶೋನಿ, ಬ್ಲ್ಯಾಕ್‌ಫೀಟ್ ಮುಂತಾದ ಮೂಲನಿವಾಸಿಗಳಿಂದ ಕಿತ್ತುಕೊಂಡ ನೆಲವದು ಎಂಬುದನ್ನು ಮರೆಯತಕ್ಕದ್ದಲ್ಲ. ಬಂದವರು ಯಾವ ನೆಲವನ್ನು ಆರಿಸಿಕೊಂಡರು? ನೀರಿರುವ, ಮಣ್ಣು ಹದವಾಗಿರುವ ಕಣಿವೆಯ ತಗ್ಗುಗಳನ್ನು. ಕಲ್ಲುಬಂಡೆಗಳ, ಹಿಮದ ಎತ್ತರದ ಪ್ರದೇಶವು ಯಾರಿಗೂ ಬೇಡವಾಗಿ ಸರಕಾರದ ವಶದಲ್ಲಿಯೇ ಉಳಿಯಿತು. ಹೀಗೆ ಮೃಗದ ಬೇಸಗೆಯ ಮನೆಯು ಸರಕಾರದ್ದಾಯಿತು. ಚಳಿಗಾಲದ ಮನೆಯು ಖಾಸಗಿಯವರದಾಯಿತು. ಈ ಹಂಚಿಕೆಯನ್ನು ಮನುಷ್ಯರು ಕಾಗದದ ಮೇಲೆ ಮಾಡಿಕೊಂಡರು. ಎಲ್ಕಿಗೆ ಕಾಗದ ಓದಲು ಬಾರದು. ಅದು ಹಿಂದೆ ಬರುತ್ತಿದ್ದ ದಾರಿಯಲ್ಲಿಯೇ ಇಂದಿಗೂ ಬರುತ್ತಿದೆ.

ನಡುವೆ ಒಂದು ಕಾಲದಲ್ಲಿ ಆ ದಾರಿಯು ಬರಿದಾಗಿ ಹೋಗಿದ್ದಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಮಾಂಸಕ್ಕಾಗಿ, ಚರ್ಮಕ್ಕಾಗಿ, ಕೊನೆಗೆ ಹಲ್ಲುಗಳಿಗಾಗಿಯೂ ಈ ಮೃಗವನ್ನು ಲೆಕ್ಕವಿಲ್ಲದೆ ಕೊಂದರು. ಎಲ್ಕಿನ ಹೆಸರನ್ನೇ ಹೊತ್ತ ಒಂದು ಸಂಘದ ಸದಸ್ಯರು ಅದರ ಹಲ್ಲನ್ನು ಕೈಗಡಿಯಾರವಿಲ್ಲದ ಆ ಕಾಲದ ಜೇಬುಗಡಿಯಾರದ ಸರಪಣಿಗೆ ತೂಗುಬಿಡುತ್ತಿದ್ದರು. ಎರಡು ಹಲ್ಲುಗಳಿಗಾಗಿ ಮೃಗವನ್ನು ಕೊಂದು ದೇಹವನ್ನು ಬಿಟ್ಟುಹೋಗುವವರಿದ್ದರೆಂದರೆ ನಂಬುವಿರಾ? ಲಕ್ಷಾಂತರವಾಗಿ ಇದ್ದ ಎಲ್ಕ್‌ಗಳು ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ಇಡೀ ಉತ್ತರ ಅಮೆರಿಕದಲ್ಲಿ ಒಂದು ಲಕ್ಷಕ್ಕೂ ಕಡಿಮೆಯಾದುವು. ಆಗ ಜನರ ಕಣ್ಣು ತೆರೆಯಿತು. ೧೮೭೨ರಲ್ಲಿ ಸ್ಥಾಪಿತವಾಗಿದ್ದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದ ಆಶ್ರಯದಲ್ಲಿ ಉಳಿದುಕೊಂಡಿದ್ದ ಹಿಂಡುಗಳಿಂದ ಸಾವಿರಾರು ಮೃಗಗಳನ್ನು ಹಿಡಿದು ರೈಲುಗಳಲ್ಲಿ ಸಾಗಿಸಿ ಬೇರೆ ಬೇರೆ ರಾಜ್ಯಗಳಲ್ಲಿ ಬಿಟ್ಟರು. ಬೇಟೆಗೆ ಕಾಲವನ್ನೂ ಸಂಖ್ಯೆಯನ್ನೂ ಕಟ್ಟುಮಾಡಿದರು. ೧೯೩೭ರ ಒಂದು ಕಾಯಿದೆಯಂತೆ ಬಂದೂಕು ಮತ್ತು ತೋಟಾಗಳ ಮೇಲಣ ತೆರಿಗೆಯ ಹಣವು ವನ್ಯಮೃಗಗಳ ರಕ್ಷಣೆಗೆ ಮೀಸಲಾಯಿತು. ಈಗ ಎಲ್ಕ್‌ಗಳ ಸಂಖ್ಯೆಯು ಸುಮಾರು ಹತ್ತು ಲಕ್ಷ. ಮನುಷ್ಯನು ಕೆಡಿಸಿದುದನ್ನು ಮನುಷ್ಯನೇ ತಿದ್ದಿದ ಅಪರೂಪದ ಕಾರ್ಯಗಳಲ್ಲಿ ಇದೂ ಒಂದು.

ಆದರೆ ಈ ಯಶಸ್ಸಿನ ಭಾರವು ಬಿದ್ದುದು ಯಾರ ಹೆಗಲ ಮೇಲೆ? ರ‍್ಯಾಂಚ್ ಎಂದು ಕರೆಯಲ್ಪಡುವ ದನಗಾವಲು ಜಮೀನಿನ ಒಡೆಯನು ಬೇಸಗೆಯಲ್ಲಿ ಹುಲ್ಲನ್ನೂ ಕುದುರೆಮಸಾಲೆ ಸೊಪ್ಪನ್ನೂ ಬೆಳೆದು, ಕೊಯ್ದು, ಒಣಗಿಸಿ ಬಣವೆ ಹಾಕುತ್ತಾನೆ. ಹಿಮವು ನೆಲವನ್ನು ಮುಚ್ಚಿದ ತಿಂಗಳುಗಳಲ್ಲಿ ಅವನ ದನಗಳಿಗೆ ಅದೇ ಆಧಾರ. ಇನ್ನೂರು ಎಲ್ಕ್‌ಗಳ ಹಿಂಡು ಒಂದು ರಾತ್ರಿ ಆ ಬಣವೆಗೆ ಬಿದ್ದರೆ ತಿಂದುದಕ್ಕಿಂತ ತುಳಿದುದೇ ಹೆಚ್ಚು. ಮೂರು ಎಲ್ಕ್‌ಗಳು ಮೇಯುವ ಹುಲ್ಲು ಸುಮಾರು ಎರಡು ಹಸುಗಳಿಗೆ ಸಾಕಾಗುವಷ್ಟು ಎಂದು ಲೆಕ್ಕ ಹಾಕುತ್ತಾರೆ. ಸಾಮಾನ್ಯವಾದ ಮುಳ್ಳುತಂತಿಯ ಬೇಲಿಯು ಅವುಗಳಿಗೆ ಬೇಲಿಯೇ ಅಲ್ಲ. ದೊಡ್ಡವು ಹಾರುತ್ತವೆ, ಮರಿಗಳು ತಂತಿಯನ್ನು ಹರಿದುಕೊಂಡು ನುಗ್ಗುತ್ತವೆ. ಎಂಟು ಅಡಿ ಎತ್ತರದ ಬೇಲಿಯಾದರೆ ತಡೆಯಬಹುದು. ಬಣವೆಯ ಸುತ್ತ ಅಂತಹ ಬೇಲಿಯನ್ನು ಕಟ್ಟಬಹುದೇ ಹೊರತು ಸಾವಿರಾರು ಎಕರೆಯ ಸುತ್ತ ಕಟ್ಟುವುದು ಯಾರ ಕೈಯಿಂದಲೂ ಆಗತಕ್ಕ ಕೆಲಸವಲ್ಲ.

ಇದರ ಮೇಲೆ ರೋಗದ ಭಯ. ನಮ್ಮ ಹಳ್ಳಿಗಳಲ್ಲಿ ಕಂದು ರೋಗವೆಂದು ಕರೆಯುವ ಬ್ರುಸೆಲ್ಲೋಸಿಸ್ ಯೆಲ್ಲೊಸ್ಟೋನ್ ಸುತ್ತಣ ಎಲ್ಕ್‌ಗಳಲ್ಲಿಯೂ ಕಾಡೆಮ್ಮೆಗಳಲ್ಲಿಯೂ ನೆಲೆಸಿದೆ. ಅದು ತಗುಲಿದ ಹಸು ಕಂದು ಹಾಕುತ್ತದೆ. ಈ ರೋಗದ ದೆಸೆಯಿಂದ ೨೦೦೪ರಲ್ಲಿ ವಯೋಮಿಂಗ್ ರಾಜ್ಯವೂ ೨೦೦೮ರಲ್ಲಿ ಮೊಂಟಾನಾ ರಾಜ್ಯವೂ ತಮ್ಮ ದನಗಳು ರೋಗಮುಕ್ತವೆಂಬ ಅಧಿಕೃತ ಮನ್ನಣೆಯನ್ನು ಕೆಲಕಾಲ ಕಳೆದುಕೊಂಡುವು. ದನಗಳನ್ನು ಹೊರರಾಜ್ಯಕ್ಕೆ ಮಾರಬೇಕಾದವರಿಗೆಲ್ಲ ತೊಂದರೆಯಾಯಿತು. ಇತ್ತೀಚಿನ ದಶಕಗಳಲ್ಲಿ ಅಲ್ಲಿಯ ದನಗಳಿಗೆ ಈ ರೋಗವು ಹರಡಿದುದು ಎಲ್ಕ್‌ಗಳಿಂದಲೇ ಎಂದು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳ ೨೦೧೭ರ ವರದಿಯು ಹೇಳಿದೆ.

ಹಾಗಾದರೆ ಜಮೀನಿನ ಒಡೆಯನು ಬಂದೂಕೆತ್ತಿ ಮೃಗವನ್ನು ಹೊಡೆದುಹಾಕಬಹುದೇ? ಕೂಡದು. ಅಮೆರಿಕದಲ್ಲಿ ಭೂಮಿಯು ಖಾಸಗಿಯಾಗಿರಬಹುದು. ಅದರ ಮೇಲೆ ನಡೆಯುವ ಕಾಡುಮೃಗವು ಖಾಸಗಿಯಲ್ಲ. ಅದು ರಾಜ್ಯದ ಸಮಸ್ತ ಪ್ರಜೆಗಳ ಸೊತ್ತು. ಸರಕಾರವು ಅದರ ಧರ್ಮದರ್ಶಿ ಮಾತ್ರ. ಬೇಟೆಯ ಕಾಲದಲ್ಲಿ, ಪರವಾನಗಿ ಪಡೆದವನು, ಗೊತ್ತುಪಡಿಸಿದಷ್ಟನ್ನು ಮಾತ್ರ ಹೊಡೆಯಬಹುದು. ೧೯೪೦ರಲ್ಲಿ ಮೊಂಟಾನಾದ ಸರ್ವೋಚ್ಚ ನ್ಯಾಯಾಲಯದ ಮುಂದೆ ಈ ವಿಷಯವು ಬಂದಿತು. ಬೇಟೆಯ ಕಾಲವಲ್ಲದ ಕಾಲದಲ್ಲಿ, ತನ್ನ ಜಮೀನನ್ನು ಹಾಳುಮಾಡುತ್ತಿದ್ದ ಎಲ್ಕನ್ನು ಕೊಂದ ಒಬ್ಬ ಒಡೆಯನಿಗೆ ಕೆಳಗಿನ ನ್ಯಾಯಾಲಯದಲ್ಲಿ ಶಿಕ್ಷೆಯಾಗಿದ್ದಿತು. ಮೇಲಿನ ನ್ಯಾಯಾಲಯವು ಆ ಶಿಕ್ಷೆಯನ್ನು ತೆಗೆದುಹಾಕಿತು. ಬೇರೆ ಉಪಾಯಗಳೆಲ್ಲ ವಿಫಲವಾದಲ್ಲಿ ತನ್ನ ಸೊತ್ತನ್ನು ಕಾಪಾಡಿಕೊಳ್ಳುವ ಹಕ್ಕು ಮನುಷ್ಯನಿಗೆ ಉಂಟೆಂದಿತು. ಆದರೆ ಅದರೊಡನೆಯೇ, ಈ ನಾಡಿನಲ್ಲಿ ಭೂಮಿಯನ್ನು ಕೊಳ್ಳುವವನು ಇಲ್ಲಿ ಕಾಡುಮೃಗಗಳಿವೆಯೆಂಬುದನ್ನು ಅರಿತೇ ಕೊಳ್ಳುತ್ತಾನೆ, ಸ್ವಲ್ಪಮಟ್ಟಿನ ಉಪದ್ರವವನ್ನು ಅವನು ಸಹಿಸಬೇಕು ಎಂದೂ ಹೇಳಿತು. ಎರಡು ಮಾತುಗಳೂ ನ್ಯಾಯವಾದುವೇ. ಆದರೆ 'ಸ್ವಲ್ಪಮಟ್ಟಿನ' ಉಪದ್ರವವೆಂದರೆ ಎಷ್ಟು ಎಂಬುದನ್ನು ಅಳೆಯುವ ಬಳ್ಳ ಯಾವುದು? ಅಂದಿನಿಂದ ಇಂದಿನವರೆಗೂ ಜಗಳವು ಆ ಅಳತೆಯ ಬಗೆಗೇ ನಡೆದಿದೆ.

ಮೊಂಟಾನಾದಲ್ಲಿ ೨೦೦೩ರಲ್ಲಿ ಒಂದು ಶಾಸನವಾಯಿತು. ಪ್ರತಿ ಪ್ರದೇಶಕ್ಕೂ ಎಲ್ಕ್‌ಗಳ ಒಂದು ಸಂಖ್ಯೆಯನ್ನು ಗೊತ್ತುಪಡಿಸಿ, ಅದನ್ನು ಮೀರದಂತೆ ಇಲಾಖೆಯು ನೋಡಿಕೊಳ್ಳತಕ್ಕದ್ದೆಂದು ಅದು ವಿಧಿಸಿತು. ಈ ಸಂಖ್ಯೆಯನ್ನು ಗೊತ್ತುಮಾಡುವಾಗ ಬೆಟ್ಟದಲ್ಲಿ ಹುಲ್ಲೆಷ್ಟಿದೆಯೆಂಬುದರೊಡನೆ ಜಮೀನುದಾರರು ಎಷ್ಟನ್ನು ಸಹಿಸಬಲ್ಲರೆಂಬುದನ್ನೂ ಲೆಕ್ಕಕ್ಕೆ ಹಿಡಿದರು. ಇಡೀ ರಾಜ್ಯಕ್ಕೆ ಗೊತ್ತಾದ ಸಂಖ್ಯೆ ಸುಮಾರು ೯೨,೦೦೦. ಇರುವ ಮೃಗಗಳಾದರೋ ೧,೩೦,೦೦೦ಕ್ಕೂ ಮಿಕ್ಕಿ ಬೆಳೆದುವು. ಶಾಸನವು ಇಳಿಸೆನ್ನುತ್ತದೆ, ಇಲಾಖೆಯು ಇಳಿಸಲಿಲ್ಲ ಎಂದು ೨೦೨೨ರಲ್ಲಿ ಜಮೀನುದಾರರ ಒಂದು ಸಂಘವು ಇಲಾಖೆಯ ಮೇಲೆ ಮೊಕದ್ದಮೆಯನ್ನೇ ಹೂಡಿತು.

ಇಲಾಖೆಯ ಉತ್ತರವೇನು? ಇಲಾಖೆಯ ಕೈಯಲ್ಲಿರುವ ಮುಖ್ಯ ಸಾಧನವು ಬೇಟೆಗಾರನ ಬಂದೂಕು. ಆ ಪ್ರದೇಶದ ತೋಳಗಳನ್ನು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿಯೇ ಮನುಷ್ಯರು ನಿರ್ಮೂಲ ಮಾಡಿದ್ದರು. ೧೯೯೫ ಮತ್ತು ೧೯೯೬ರಲ್ಲಿ ಅವುಗಳನ್ನು ಮತ್ತೆ ಯೆಲ್ಲೊಸ್ಟೋನಿಗೆ ತಂದು ಬಿಟ್ಟರೂ ಎಲ್ಲೆಡೆಯ ಹಿಂಡುಗಳನ್ನು ಅವೇ ಹದ್ದಿನಲ್ಲಿಡಲಾರವು. ಆದುದರಿಂದ ಬೇಟೆಗಾರನೇ ಅಲ್ಲಿ ತೋಳದ ಸ್ಥಾನದಲ್ಲಿ ನಿಂತಿದ್ದಾನೆ. ಬೇಟೆಯೇ ನಿಷಿದ್ಧವಾಗಿರುವ ನಮ್ಮ ದೇಶದವರಿಗೆ ಇದು ವಿಚಿತ್ರವಾಗಿ ತೋರಬಹುದು. ಆದರೆ ಆ ಬೇಟೆಗಾರನು ಕೊಡುವ ಪರವಾನಗಿಯ ಹಣದಿಂದಲೇ ಇಲಾಖೆಯು ಬಹುಮಟ್ಟಿಗೆ ನಡೆಯುತ್ತದೆ ಎಂಬುದನ್ನೂ ತಿಳಿದಿರಬೇಕು. ಈಗ ಕೌತುಕವನ್ನು ನೋಡಿರಿ: ಎಲ್ಕ್ ಬಹು ಬೇಗ ಕಲಿಯುವ ಮೃಗ. ಬೇಟೆಯ ಕಾಲದ ಮೊದಲ ಗುಂಡಿನ ಸದ್ದು ಸರಕಾರದ ಕಾಡಿನಲ್ಲಿ ಕೇಳಿಬಂದೊಡನೆ, ಬೇಟೆಗಾರರನ್ನು ಒಳಗೆ ಬಿಡದ ಖಾಸಗಿ ಜಮೀನುಗಳಿಗೆ ಅದು ನುಸುಳಿಕೊಳ್ಳುತ್ತದೆ. ಬೇಟೆಯ ಕಾಲ ಮುಗಿದ ಮೇಲೆ ಹೊರಬಂದು ನೆರೆಯವನ ಬಣವೆಗೆ ಬಾಯಿ ಹಾಕುತ್ತದೆ!

ಬಾಗಿಲು ಮುಚ್ಚುವವರು ಯಾರು? ಕೆಲವರು ತಲೆತಲಾಂತರದ ರೈತರೇ. ಅಪರಿಚಿತರು ಬಂದೂಕು ಹಿಡಿದು ದನಗಳ ನಡುವೆ ಓಡಾಡುವುದು, ಬೇಲಿಯ ಗೇಟನ್ನು ತೆರೆದೇ ಬಿಟ್ಟುಹೋಗುವುದು ಅವರಿಗೆ ಒಪ್ಪುವುದಿಲ್ಲ. ಇದು ಅರ್ಥವಾಗತಕ್ಕ ಮಾತು. ಇನ್ನು ಕೆಲವರು ಹಣವಂತರಾದ ಬೇಟೆಗಾರರಿಗೆ ಮಾತ್ರ ದೊಡ್ಡ ಶುಲ್ಕಕ್ಕೆ ಒಳಪ್ರವೇಶವನ್ನು ಮಾರುತ್ತಾರೆ. ಮತ್ತೆ ಕೆಲವರು ದೂರದ ನಗರಗಳ ಶ್ರೀಮಂತರು. ದನದಿಂದ ಬದುಕಬೇಕಾದ ಅಗತ್ಯವು ಅವರಿಗಿಲ್ಲ. ನೋಟದ ಸೊಗಸಿಗಾಗಿ ಜಮೀನನ್ನು ಕೊಂಡವರು. ಅವರ ಜಮೀನು ಎಲ್ಕ್‌ಗಳಿಗೆ ಕೋಟೆಯಾಗುತ್ತದೆ. ಪಕ್ಕದ ಬಡ ರೈತನ ಹುಲ್ಲು ಆ ಕೋಟೆಯ ಉಗ್ರಾಣವಾಗುತ್ತದೆ. ಆದುದರಿಂದ ಇದನ್ನು 'ರೈತರಿಗೂ ಸರಕಾರಕ್ಕೂ ಜಗಳ' ಎಂದಷ್ಟೇ ಹೇಳುವುದು ಅರ್ಧ ಸತ್ಯ. ಜಗಳದ ಒಂದು ಪಾಲು ಜಮೀನುದಾರನಿಗೂ ಜಮೀನುದಾರನಿಗೂ ನಡುವಣದು.

ಸರಕಾರಗಳು ಕೈಕಟ್ಟಿ ಕುಳಿತಿಲ್ಲವೆಂಬುದನ್ನು ಒಪ್ಪಲೇಬೇಕು. ಆದರೆ ಮಾಡಿದ ಉಪಾಯಗಳೆಲ್ಲವೂ ಫಲಿಸಿಲ್ಲ. ವಯೋಮಿಂಗಿನ ಜ್ಯಾಕ್ಸನ್ ಕಣಿವೆಯ ಕಥೆಯು ಇದಕ್ಕೆ ನಿದರ್ಶನ. ೧೯೦೯ರಿಂದ ಮುಂದಿನ ಕಠಿನವಾದ ಚಳಿಗಾಲಗಳಲ್ಲಿ ಅಲ್ಲಿ ಸಾವಿರಾರು ಎಲ್ಕ್‌ಗಳು ಹಸಿವಿನಿಂದ ಸತ್ತುವು. ಕಣಿವೆಯ ಒಕ್ಕಲುಗಳೇ ಕನಿಕರದಿಂದ ತಮ್ಮ ಹುಲ್ಲನ್ನು ಹಾಕಿದರು. ಸ್ಟೀಫನ್ ಲೀಕ್ ಎಂಬ ರ‍್ಯಾಂಚ್ ಒಡೆಯನು ಸಾಯುತ್ತಿದ್ದ ಮೃಗಗಳ ಛಾಯಾಚಿತ್ರಗಳನ್ನು ತೆಗೆದು ದೇಶಕ್ಕೆಲ್ಲ ತೋರಿಸಿದನು. ಅದರ ಫಲವಾಗಿ ೧೯೧೨ರಲ್ಲಿ ಅಲ್ಲಿ ರಾಷ್ಟ್ರೀಯ ಎಲ್ಕ್ ಆಶ್ರಯಧಾಮವು ಸ್ಥಾಪಿತವಾಯಿತು. ರೈತನನ್ನು ಮೃಗದ ಹುಟ್ಟುವೈರಿಯೆಂದು ಚಿತ್ರಿಸುವವರು ಈ ಸಂಗತಿಯನ್ನು ನೆನೆಯಬೇಕು. ಅನಂತರ ರಾಜ್ಯವೂ ಪಶ್ಚಿಮ ವಯೋಮಿಂಗಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಕಡೆ ಚಳಿಗಾಲದಲ್ಲಿ ಹುಲ್ಲು ಹಾಕುವ ತಾಣಗಳನ್ನು ಏರ್ಪಡಿಸಿತು. ಎಲ್ಕ್‌ಗಳು ಅಲ್ಲಿಯೇ ನಿಂತವು, ಬಣವೆಗಳು ಉಳಿದುವು. ಆದರೆ ಒಂದೇ ಪಂಕ್ತಿಯಲ್ಲಿ ಸಾವಿರಾರು ಮೃಗಗಳು ಉಣ್ಣಲು ನಿಂತರೆ ಒಂದರ ರೋಗವು ಎಲ್ಲಕ್ಕೂ ಅಂಟದಿರುವುದೇ? ಕಂದು ರೋಗವು ಆ ತಾಣಗಳಲ್ಲಿ ಬೇರೂರಿತು. ೧೯೬೭ರಲ್ಲಿ ಕೊಲರಾಡೊದಲ್ಲಿ ಮೊದಲು ಕಂಡುಬಂದ, ಜಿಂಕೆಗಳ ಮಿದುಳನ್ನು ಕೆಡಿಸಿ ಸವೆಸಿ ಕೊಲ್ಲುವ ಮದ್ದಿಲ್ಲದ ಇನ್ನೊಂದು ರೋಗವೂ ಈಗ ಅಲ್ಲಿಗೆ ತಲುಪಿದೆ. ಕರುಣೆಯಿಂದ ಆರಂಭವಾದ ಕಾರ್ಯವು ವಿವೇಕವಿಲ್ಲದೆ ಮುಂದುವರಿದರೆ ಹೀಗೆಯೇ ಆಗುವುದು.

ಇನ್ನೊಂದು ಉಪಾಯವು ಪರಿಹಾರಧನ. ವಯೋಮಿಂಗ್, ಕೊಲರಾಡೊ ರಾಜ್ಯಗಳು ಬೆಳೆಹಾನಿಗೆ ಹಣವನ್ನು ಕೊಡುತ್ತವೆ. ಆದರೆ ಬೇಟೆಯ ಕಾಲದಲ್ಲಿ ಬೇಟೆಗಾರರಿಗೆ ಅವಕಾಶ ಕೊಡದ ಒಡೆಯನಿಗೆ ವಯೋಮಿಂಗಿನ ಕಾನೂನಿನಂತೆ ಪರಿಹಾರವಿಲ್ಲ. ಮೊಂಟಾನಾ ಹಣವನ್ನು ಕೊಡುವುದಿಲ್ಲ. ಮೃಗಗಳನ್ನು ಅಟ್ಟುವುದು, ಬಣವೆಗೆ ಬೇಲಿಯ ಸಾಮಗ್ರಿಯನ್ನು ಒದಗಿಸುವುದು, ವಿಶೇಷ ಬೇಟೆಯನ್ನು ಏರ್ಪಡಿಸುವುದು ಮುಂತಾದ ಸಹಾಯವನ್ನು ಮಾಡುತ್ತದೆ. ಇದಕ್ಕೂ ಬಾಗಿಲನ್ನು ಸಾರ್ವಜನಿಕರಿಗೆ ಸ್ವಲ್ಪವಾದರೂ ತೆರೆದಿರಬೇಕೆಂಬ ಕಟ್ಟಳೆಯುಂಟು. ೨೦೨೨ರಿಂದ ಅಮೆರಿಕದ ಕೃಷಿ ಇಲಾಖೆಯು ವಯೋಮಿಂಗಿನೊಡನೆ ಸೇರಿ, ವಲಸೆಯ ಮೃಗಗಳಿಗಾಗಿ ತಮ್ಮ ಹುಲ್ಲುಗಾವಲನ್ನು ಕೆಡಿಸದೆ ಉಳಿಸಿಕೊಳ್ಳುವ ರೈತರಿಗೆ ಹಣವನ್ನು ಕೊಡುವ ಯೋಜನೆಯನ್ನೂ ಆರಂಭಿಸಿದೆ. ಇಲ್ಲಿ ಹಣವು ಹಾನಿಯಾದ ಮೇಲೆ ಸಮಾಧಾನಕ್ಕೆಂದು ಬರುವುದಲ್ಲ. ಮೃಗಕ್ಕೆ ನೆಲೆ ಕೊಟ್ಟುದಕ್ಕೆ ಸಲ್ಲುವ ಬಾಡಿಗೆಯಂತೆ ಬರುತ್ತದೆ. ನನ್ನ ದೃಷ್ಟಿಯಲ್ಲಿ ಇದೇ ಎಲ್ಲಕ್ಕಿಂತ ಒಳ್ಳೆಯ ದಾರಿ. ಏಕೆಂದರೆ ರೈತನು ಜಮೀನನ್ನು ಮಾರಿ, ಅದು ಮನೆಗಳ ನಿವೇಶನವಾಗಿ ಹೋದರೆ, ಎಲ್ಕಿಗೆ ಬಣವೆಯೂ ಇಲ್ಲ, ಕಣಿವೆಯೂ ಇಲ್ಲ.

ಇಷ್ಟನ್ನೆಲ್ಲ ನೋಡಿದ ಮೇಲೆ ನನಗೆ ತೋರುವ ನ್ಯಾಯವನ್ನು ಎರಡು ಮಾತುಗಳಲ್ಲಿ ಹೇಳುತ್ತೇನೆ. ಮೊದಲನೆಯದು: ಯಾವ ಸೊತ್ತು ಎಲ್ಲರದೋ ಅದರ ಖರ್ಚೂ ಎಲ್ಲರದು. ಮೃಗವು ಪ್ರಜೆಗಳೆಲ್ಲರ ಆಸ್ತಿಯೆಂದು ಸಾರಿದ ಸರಕಾರವು ಅದರ ಮೇವಿನ ಲೆಕ್ಕವನ್ನು ಒಬ್ಬ ರೈತನ ಖಾತೆಗೆ ಬರೆದು ಸುಮ್ಮನಿರುವುದು ಧರ್ಮವಲ್ಲ. ಹೆಮ್ಮೆಯು ಎಲ್ಲರಿಗೆ, ನಷ್ಟವು ಒಬ್ಬನಿಗೆ ಎಂದಾದಲ್ಲಿ, ಆ ಒಬ್ಬನು ಒಂದು ದಿನ ಮೃಗವನ್ನೇ ದ್ವೇಷಿಸತೊಡಗುತ್ತಾನೆ. ದ್ವೇಷಿಸುವವನ ನೆಲದಲ್ಲಿ ಯಾವ ಕಾನೂನೂ ಮೃಗವನ್ನು ಬಹುಕಾಲ ಉಳಿಸಲಾರದು. ಎರಡನೆಯದು: ಎಲ್ಲರ ಬೊಕ್ಕಸದಿಂದ ಪರಿಹಾರವನ್ನು ಬೇಡುವವನು ಎಲ್ಲರಿಗೂ ಬಾಗಿಲು ಮುಚ್ಚುವಂತಿಲ್ಲ. ಮೃಗವನ್ನು ತನ್ನ ಬೇಲಿಯೊಳಗೆ ಕೂಡಿಟ್ಟುಕೊಂಡು ಶ್ರೀಮಂತ ಬೇಟೆಗಾರರಿಂದ ಲಾಭ ಪಡೆಯುತ್ತ, ಅದೇ ಮೃಗವು ಹೆಚ್ಚಾಯಿತೆಂದು ಸರಕಾರವನ್ನು ದೂರುವುದು ನ್ಯಾಯವೆನಿಸದು.

ಈ ಮಾತುಗಳು ನಮ್ಮ ನಾಡಿಗೂ ಸಲ್ಲುತ್ತವೆ. ಕರ್ನಾಟಕದಲ್ಲಿ ಆರು ಸಾವಿರಕ್ಕೂ ಮಿಕ್ಕಿ ಕಾಡಾನೆಗಳಿವೆ. ಭಾರತದ ಬೇರೆ ಯಾವ ರಾಜ್ಯದಲ್ಲಿಯೂ ಇಷ್ಟಿಲ್ಲ. ಅದು ನಮಗೆಲ್ಲ ಹೆಮ್ಮೆ. ಆದರೆ ಕೊಡಗಿನಲ್ಲಿ, ಹಾಸನ ಜಿಲ್ಲೆಯ ಸಕಲೇಶಪುರ ಆಲೂರುಗಳ ಕಡೆಯಲ್ಲಿ, ಬೆಳಗಾಗೆದ್ದು ತುಳಿದುಹೋದ ಗದ್ದೆಯನ್ನೂ ಮುರಿದುಬಿದ್ದ ಬಾಳೆಯನ್ನೂ ಕಾಣುವವನು ನೀವೂ ಅಲ್ಲ, ನಾನೂ ಅಲ್ಲ. ಕಾಫಿಯ ತೋಟಕ್ಕೆ ಕೂಲಿಗೆ ಹೋದವರು ಆನೆಯ ಕಾಲಿಗೆ ಸಿಕ್ಕಿ ಮನೆಗೆ ಮರಳದಿರುವುದೂ ಉಂಟು. ಎಲ್ಕ್ ಹುಲ್ಲನ್ನು ಮಾತ್ರ ಕೇಳುತ್ತದೆ. ಇಲ್ಲಿ ಕೆಲವೊಮ್ಮೆ ಪ್ರಾಣವೇ ಬೆಲೆಯಾಗುತ್ತದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ನಮ್ಮಲ್ಲಿ ಬೇಟೆಯ ದಾರಿಯಿಲ್ಲ. ಇರಬೇಕೆಂದೂ ನಾನು ಹೇಳುವುದಿಲ್ಲ. ಹಾಗಿದ್ದ ಮೇಲೆ ಕಂದಕ, ಹಳೆಯ ರೈಲುಕಂಬಿಗಳ ಬೇಲಿ, ತಡವಿಲ್ಲದ ಪರಿಹಾರ ಇವುಗಳ ಹೊಣೆಯು ಸರಕಾರದ ಮೇಲೆ, ಅಂದರೆ ತೆರಿಗೆ ಕೊಡುವ ನಮ್ಮೆಲ್ಲರ ಮೇಲೆ, ಇನ್ನೂ ಹೆಚ್ಚಾಗಿ ಬೀಳುತ್ತದೆ. ಈ ಮುಂಬಯಿಯಲ್ಲಿಯೇ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಚಿರತೆಗಳು ನಗರದ ಎಲ್ಲರಿಗೂ ಅಭಿಮಾನದ ವಿಷಯ. ಆದರೆ ರಾತ್ರಿ ಅಂಗಳಕ್ಕಿಳಿಯಲು ಅಂಜುವವರು ಉದ್ಯಾನದ ಅಂಚಿನ ಪಾಡಾಗಳಲ್ಲಿ ವಾಸಿಸುವ ಬಡಜನರು.

ಬರುವ ಬೇಸಗೆಯ ರಜೆಯಲ್ಲಿ ನಿಮ್ಮಲ್ಲಿ ಅನೇಕರು ಊರಿಗೆ ಹೋಗುವಿರಿ. ಅಲ್ಲಿ ಅಜ್ಜನನ್ನೋ ಸೋದರಮಾವನನ್ನೋ ಕೇಳಿನೋಡಿರಿ: ಈ ವರ್ಷ ಕಾಡುಹಂದಿ ಎಷ್ಟು ಗೆಣಸನ್ನು ಅಗೆದುಹಾಕಿತು, ಮಂಗಗಳು ಎಷ್ಟು ಎಳನೀರನ್ನು ಕೆಡವಿದುವು, ಅಟ್ಟಣೆಯ ಮೇಲೆ ಎಷ್ಟು ರಾತ್ರಿ ನಿದ್ದೆಗೆಟ್ಟು ಕಾವಲು ಕೂತಿರಿ, ಪರಿಹಾರಕ್ಕೆ ಅರ್ಜಿ ಕೊಟ್ಟಿರಾ, ಕೈಗೆ ಎಷ್ಟು ಬಂದಿತು ಎಂದು. ಅವರು ಹೇಳುವ ಲೆಕ್ಕವನ್ನು ಒಂದು ನೋಟುಪುಸ್ತಕದಲ್ಲಿ ಬರೆದುಕೊಂಡು ಬನ್ನಿರಿ. ಮುಂದೆ ನಿಮ್ಮಲ್ಲಿ ಯಾರಾದರೂ ಕಾನೂನು ಮಾಡುವವರೋ ಅರಣ್ಯಾಧಿಕಾರಿಗಳೋ ಆದಲ್ಲಿ, ಆ ನೋಟುಪುಸ್ತಕವು ನಿಮ್ಮ ಮೇಜಿನ ಮೇಲಿರಲಿ.